ಖಾಲಿ ಪೆಟ್ಟಿಗೆ ಎತ್ತಿದ ಚೀಟಿ

ಕೊನೆಯ ಸ್ಕ್ರೂ ಬಿಚ್ಚಿ ಪಿಎಸ್‌ಐ ಹುಲುಗೇಶ್ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ಬಣ್ಣದ ದೀಪಗಳ ಒಂದು ಸರ, ಅದಕ್ಕೊಂದು ವೈರು, ಮೂಲೆಯಲ್ಲಿ ಒಣಗಿದ ನಿಂಬೆಹಣ್ಣು. ಅಷ್ಟೇ.

"ಇದರಾಗ ಯಂತ್ರ ಎಲ್ಲೈತ್ರಿ?" ಎಂದರು ಹುಲುಗೇಶ್.

ಸಂಘದ ಸಭಾಂಗಣದಲ್ಲಿ ಕೂತಿದ್ದವರೆಲ್ಲ ಎದ್ದು ಇಣುಕಿದರು. ಕೊಟ್ಟೂರಿನ ಗೃಹ ನಿರ್ಮಾಣ ಸಂಘದವರು ಕಳೆದ ಭಾನುವಾರ ಇದೇ ಪೆಟ್ಟಿಗೆಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಗುಂಡಿ ಒತ್ತಿ, ಚೀಟಿ ಎತ್ತಿದಂತೆ ತಮ್ಮ ಸದಸ್ಯರಿಗೆ ಸೈಟು ಹಂಚಿದ್ದರು. ಹರಪನಹಳ್ಳಿ ರಸ್ತೆಗೆ ಮುಖ ಮಾಡಿದ ಮೂಲೆ ಸೈಟಿನ ಮೇಲೆ ಎಲ್ಲರ ಕಣ್ಣಿತ್ತು. ಅದು ಹೋಗಿ ಹೋಗಿ ಅಧ್ಯಕ್ಷ ಗವಿಸಿದ್ದೇಶ್ ಅವರ ಷಡ್ಡಕನಿಗೇ ಬಂದಿತ್ತು. ಊರು ಸುಮ್ಮನಿರುತ್ತದೆಯೇ?

ಊರಿನ ಬಾಯಿ ಮುಚ್ಚಿಸಲು ಗವಿಸಿದ್ದೇಶ್ ತಾವೇ ಠಾಣೆಗೆ ಹೋಗಿ ದೂರು ಕೊಟ್ಟರು. ದೂರು ಷಡ್ಡಕನ ಮೇಲಲ್ಲ, ಯಂತ್ರದ ಕೆಲಸ ಮಾಡಿಕೊಟ್ಟ ಹುಡುಗಿ ಅರ್ಚನಾಳ ಮೇಲೆ. ಪೊಲೀಸರು ಅವಳ ಲ್ಯಾಪ್‌ಟಾಪು ತೆರೆಸಿದರೆ, ಭಾನುವಾರ ಬಂದ ಫಲಿತಾಂಶ ಅದರಲ್ಲಿ ಶನಿವಾರವೇ ಕೂತಿತ್ತು. ಒಂದು ಅಂಕಿಯೂ ಹೆಚ್ಚುಕಮ್ಮಿ ಇರಲಿಲ್ಲ. ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಅವಳನ್ನು ಜೀಪು ಹತ್ತಿಸುವುದಾಗಿ ಹುಲುಗೇಶ್ ಹೇಳಿಬಿಟ್ಟಿದ್ದರು.

ಕೂಡ್ಲಿಗಿಯ ವಕೀಲೆ ತಿಪ್ಪೇರುದ್ರಮ್ಮ ಕೋರ್ಟು ಬಿಟ್ಟು ಓಡಿಬಂದದ್ದು ಅದಕ್ಕೇ. ಅರ್ಚನಾ ಆಕೆಯ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ತಿಪ್ಪೇರುದ್ರಮ್ಮನೇ ಹೆತ್ತವ್ವನಂತೆ ಸಾಕಿದ ಕೂಸು. ಅದನ್ನು ಯಾವನೋ ಜೀಪು ಹತ್ತಿಸುತ್ತಾನೆಂದರೆ ಆ ಹೆಂಗಸು ಕೈಕಟ್ಟಿ ಕೂರುವ ಪೈಕಿ ಅಲ್ಲ. ಪೆಟ್ಟಿಗೆ ಬಿಚ್ಚಿಸಿರೆಂದು ಬೆಳಗಿನಿಂದ ಹಟ ಹಿಡಿದವಳೂ ಆಕೆಯೇ.

"ಅರುಣಕುಮಾರವ್ರ, ನಿಮ್ಮನ್ನ ಕೇಳಾಕತ್ತಾರ," ಎಂದಳು ತಿಪ್ಪೇರುದ್ರಮ್ಮ. "ಯಂತ್ರ ಎಲ್ಲೈತಿ ಅಂತ."

ಅರುಣಕುಮಾರ್ ಹಗರಿಬೊಮ್ಮನಹಳ್ಳಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಸಣ್ಣ ಕಂಪನಿ ಇಟ್ಟವನು. ಅರ್ಚನಾ ಅವನ ಕೈಕೆಳಗೇ ಕೆಲಸಕ್ಕಿದ್ದಳು. ಇಸ್ತ್ರಿ ಮುರಿಯದ ಅಂಗಿ, ಮಾತಿಗೆ ಮುಂಚೆ ಒಂದು ನಗು. ಈಗ ಆ ನಗು ಎಲ್ಲಿ ಹೋಯಿತೋ, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಚಿಪ್ಪು ಕೂಡಿಸಿದ ಬೋರ್ಡು ಹೊತ್ತಿಗೆ ಸರಿಯಾಗಿ ಬರಲಿಲ್ರಿ ಮೇಡಂ. ಮುಹೂರ್ತ ಗೊತ್ತು ಮಾಡಿಬಿಟ್ಟಿದ್ರು. ಮುಹೂರ್ತ ತಪ್ಪಿಸಾಕ ಬರತೈತೇನ್ರಿ? ಅದಕ್ಕ..."

"ಅದಕ್ಕ ಖಾಲಿ ಪೆಟ್ಟಿಗಿಗೆ ಮಂಗಳಾರತಿ ಮಾಡಿಸಿದ್ರಿ!"

ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಕೇಳಿಬಂತು. ಗವಿಸಿದ್ದೇಶ್ ಮಾತ್ರ ನಗಲಿಲ್ಲ. ಪೆಟ್ಟಿಗೆ ಖಾಲಿ ಇದ್ದದ್ದು ಅವರಿಗೂ ಹೊಸ ಸುದ್ದಿಯೇ ಇರಬೇಕು, ಇಲ್ಲವೇ ಮನುಷ್ಯ ನಾಟಕದಲ್ಲಿ ನುರಿತಿರಬೇಕು. ಎರಡರಲ್ಲಿ ಯಾವುದೆಂದು ತಿಪ್ಪೇರುದ್ರಮ್ಮನಿಗೆ ಬಗೆಹರಿಯಲಿಲ್ಲ.

"ಹಂಗಾದ್ರ ಭಾನುವಾರ ಗ್ವಾಡಿ ಪರದೆ ಮ್ಯಾಲ ಬಂದ ನಂಬರು ಎಲ್ಲಿಂದ ಬಂದ್ವು?" ಹುಲುಗೇಶ್ ಕೇಳಿದರು.

"ಟೇಬಲ್ಲಿನ ಕೆಳಗ ಲ್ಯಾಪ್‌ಟಾಪು ಇತ್ರಿ ಸಾರ್," ಎಂದ ಅರುಣಕುಮಾರ್. "ಅರ್ಚನಾ ಬರೆದ ಸರ್ಕೀಟನ್ನ ಸಿಮ್ಯುಲೇಟರಿನಾಗ ಓಡಿಸಿದ್ವಿ."

ಹುಲುಗೇಶ್ ಹುಬ್ಬು ಗಂಟಿಕ್ಕಿದರು. ತಿಪ್ಪೇರುದ್ರಮ್ಮ, ಗೋಡೆಗೊರಗಿ ನಿಂತಿದ್ದ ಅರ್ಚನಾಳ ಕಡೆ ತಿರುಗಿದಳು. "ನೀನ ಹೇಳವ್ವ ಸಾಹೇಬ್ರಿಗೆ. ನನಗ ಹೇಳಿದಂಗ ಬಿಡಿಸಿ ಹೇಳು."

ಅರ್ಚನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದೆ ಬಂದಳು. "ಮನಿ ಕಟ್ಟೋಕ ಮೊದಲ ನಕ್ಷೆ ಬರಸ್ತಾರಲ್ರಿ ಸಾರ್, ಹಂಗ ಚಿಪ್ಪು ಮಾಡೋಕ ಮೊದಲ ಅದರ ನಡತಿ ಹೆಂಗಿರಬೇಕು ಅಂತ ಬರೀತೀವಿ. ಹಂಗ ಬರಿಯೋ ಭಾಷಿಗೆ ವೆರಿಲಾಗ್ ಅಂತಾರ. ಬರೆದದ್ದು ಸರಿ ಐತೋ ಇಲ್ಲೋ ಅಂತ ಕಂಪ್ಯೂಟರಿನಾಗ ಓಡಿಸಿ ನೋಡೋ ಸಾಫ್ಟ್‌ವೇರಿಗೆ ಸಿಮ್ಯುಲೇಟರ್ ಅಂತೀವಿ."

"ಚೀಟಿ ಎತ್ತೋದು ಯಾರು ಅದರಾಗ?"

"ನಿಜವಾದ ಚಿಪ್ಪಿನಾಗ ಕರೆಂಟು ತಾನಾಗಿ ಸಣ್ಣಗ ಏರಿಳೀತಿರತೈತ್ರಿ. ಅದು ಯಾರ ಹಿಡಿತಕ್ಕೂ ಸಿಗಂಗಿಲ್ಲ. ಅದರಿಂದ ನಂಬರು ಎತ್ತಬೇಕು ಅಂತ ಬರೆದಿದ್ದೆ. ಆದ್ರ ಸಿಮ್ಯುಲೇಟರಿನಾಗ ಕರೆಂಟೇ ಇಲ್ಲಲ್ರಿ? ಆ ಜಾಗಕ್ಕ ಭಾಷೆಯೊಳಗಿರೋ ರ‍್ಯಾಂಡಮ್ ಅನ್ನೋ ಫಂಕ್ಷನ್ ಹಾಕಿದ್ದೆ. ಬರೇ ಪರೀಕ್ಷೆಗೆ. ಅದಕ್ಕ ಮೊದಲ ಒಂದು ಅಂಕಿ ಕೊಡಬೇಕು. ಅದನ್ನ ಹಿಡಕೊಂಡು ಲೆಕ್ಕ ಮಾಡಿ ಉಳಿದ ನಂಬರು ಉದುರಿಸತೈತಿ. ನಾನು ಗಡಿಯಾರದ ಗಂಟಿ-ನಿಮಿಷ ತಗೊಳ್ಳೋ ಹಂಗ ಬರೆದಿದ್ದೆ."

"ಅಂದ್ರ ಗುಂಡಿ ಯಾವ ನಿಮಿಷಕ್ಕ ಒತ್ತತಾರೋ..."

"ಆ ನಿಮಿಷಕ್ಕ ತಕ್ಕಂಗ ನಂಬರು ಬರ್ತಾವ್ರಿ."

ಹುಲುಗೇಶ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಗುಂಡಿ ಯಾವ ನಿಮಿಷಕ್ಕೆ ಒತ್ತುತ್ತಾರೆಂಬುದು ಕೊಟ್ಟೂರಿಗೆಲ್ಲ ಗೊತ್ತಿತ್ತು. ಶುಭ ಮುಹೂರ್ತವೆಂದು ಆಟೋಕ್ಕೆ ಮೈಕು ಕಟ್ಟಿ ಗಲ್ಲಿಗಲ್ಲಿ ಸಾರಿದ್ದರಲ್ಲ!

"ಪೂರಾ ಸುಳ್ಳು ಸಾರ್," ಅರುಣಕುಮಾರ್ ಎದ್ದು ನಿಂತ. ಈಗ ಅವನಿಗೆ ದನಿ ಬಂದಿತ್ತು. "ಭಾನುವಾರ ಓಡಿಸಿದ್ದು ನಮ್ಮ ಆಫೀಸಿನ ಸಿಮ್ಯುಲೇಟರು. ರೊಕ್ಕ ಕೊಟ್ಟು ತಂದದ್ದು. ಈಕಿ ಮನ್ಯಾಗ ಇಟ್ಕೊಂಡಿರೋದು ಪುಕ್ಕಟೆ ಸಿಗೋದು. ಅದನ್ನ ಮಾಡಿದವ್ರು ಬ್ಯಾರೆ, ಇದನ್ನ ಮಾಡಿದವ್ರು ಬ್ಯಾರೆ. ಎರಡರಾಗೂ ಒಂದ ನಂಬರು ಬರಬೇಕಂದ್ರ ಹೆಂಗ್ರಿ ಬರ್ತಾವ? ಈಕಿ ಶನಿವಾರನ ತನಗ ಬೇಕಾದ್ದು ಬರಕೊಂಡು ನಮ್ಮ ಲ್ಯಾಪ್‌ಟಾಪಿಗೆ ತುರುಕ್ಯಾಳ. ಬ್ಯಾರೆ ಮಾತ ಇಲ್ಲ."

"ನೋಡ್ರಿ, ನೋಡ್ರಿ!" ಗವಿಸಿದ್ದೇಶ್ ಕುರ್ಚಿಯ ತುದಿಗೆ ಬಂದರು. "ನಾನು ಮೊದಲಿಂದ ಇದನ್ನ ಬಡಕೊಳ್ಳಾಕತ್ತೀನಿ. ನನ್ನ ಮರ್ಯಾದಿ ಮೂರಾಬಟ್ಟಿ ಆತು."

ತಿಪ್ಪೇರುದ್ರಮ್ಮ ಈ ಮಾತಿಗೇ ಕಾದು ಕೂತಿದ್ದಳು. ಕೋರ್ಟಿನಲ್ಲಿ ಎದುರಾಳಿ ತಾನಾಗಿ ಹಳ್ಳಕ್ಕೆ ಕಾಲಿಟ್ಟಾಗ ಆಕೆಗೆ ಒಳಗೊಳಗೇ ಒಂದು ಖುಷಿ ಆಗುತ್ತಿತ್ತಲ್ಲ, ಅದೇ ಖುಷಿ ಈಗಲೂ ಆಯಿತು.

"ಅರುಣಕುಮಾರವ್ರ, ನೀವು ಹೇಳೋದು ಒಂದು ಕಾಲಕ್ಕ ಖರೇನ ಇತ್ತು. ಆಗ ಒಬ್ಬೊಬ್ಬ ಕಂಪನಿಯವರು ಒಂದೊಂದು ಥರ ನಂಬರು ಉದುರಿಸ್ತಿದ್ರಂತ. ಒಬ್ಬರ ಕಡೆ ಕಂಡ ತಪ್ಪು ಇನ್ನೊಬ್ಬರ ಕಡೆ ಕಾಣಂಗಿಲ್ಲ. ಇಂಜಿನಿಯರುಗಳು ತಲಿ ತಲಿ ಚಚ್ಚಿಕೊಂಡ್ರು. ಕಡಿಗೆ ಆ ಭಾಷಿಗೆ ನಿಯಮ ಮಾಡೋ ಮಂದಿ ಕುಂತು, ಲೆಕ್ಕ ಹಿಂಗಿಂಗ ಮಾಡಬೇಕು ಅಂತ ಇಡೀ ಲೆಕ್ಕಾನ ನಿಯಮದಾಗ ಸೇರಿಸಿಬಿಟ್ರು. ಇಪ್ಪತ್ತು ವರ್ಷದ ಮ್ಯಾಲಾತು. ಮೊದಲ ಅಂಕಿ ಒಂದ ಇದ್ರ ಯಾರ ಸಿಮ್ಯುಲೇಟರು ಇರಲಿ, ನಂಬರೂ ಒಂದ. ಕಂಪನಿ ನಡಸೋರು ನೀವು. ನಿಮಗಿದು ಗೊತ್ತಿಲ್ಲ?"

"ಓದಿದ್ದು ನೆನಪಿಲ್ರಿ," ಎಂದ ಅವನು. ಕಣ್ಣು ಮಾತ್ರ ಬಾಗಿಲ ಕಡೆ ಹೋಯಿತು.

"ನೆನಪು ಮಾಡಿಕೊಡೋಣ ಬರ್ರಿ."

ಎರಡೂ ಲ್ಯಾಪ್‌ಟಾಪುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದಳು. ಒಂದಕ್ಕೆ ಅರುಣಕುಮಾರನನ್ನು ಕೂರಿಸಿದಳು, ಇನ್ನೊಂದಕ್ಕೆ ಅರ್ಚನಾಳನ್ನು. ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ನಡುವೆ ಆ ಖಾಲಿ ಪೆಟ್ಟಿಗೆಯನ್ನೇ ನಿಲ್ಲಿಸಿದಳು. ಕಡೆಗೂ ಒಂದು ಉಪಯೋಗಕ್ಕೆ ಬಂತು ಪಾಪ.

"ಸಾಹೇಬ್ರ, ಮೊದಲ ಅಂಕಿ ನೀವ ಕೊಡ್ರಿ. ಯಾವುದರ ಕೊಡ್ರಿ."

ಹುಲುಗೇಶ್ ತಮ್ಮ ಬೈಕಿನ ನಂಬರು ಹೇಳಿದರು. ಇಬ್ಬರೂ ಒತ್ತಿದರು. ಹುಲುಗೇಶ್ ಈ ಪರದೆ ನೋಡಿದರು, ಆ ಪರದೆ ನೋಡಿದರು. ಮತ್ತೆ ಈ ಪರದೆಗೆ ಬಂದರು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋದರು.

"ಎರಡೂ ಒಂದ ಅದಾವ," ಎಂದರು ಮೆಲ್ಲಗೆ.

"ಇನ್ನೊಂದು ಸಲ ನೋಡ್ರಿ ಬೇಕಾದ್ರ."

ಹೆಂಡತಿಯ ಹುಟ್ಟಿದ ದಿನ ಕೊಟ್ಟು ನೋಡಿದರು. ಆಗಲೂ ಒಂದೇ. ಸಭಾಂಗಣದ ತುಂಬ ಗುಸುಗುಸು ಎದ್ದಿತು. ಅರುಣಕುಮಾರ್ ಕುರ್ಚಿಯಲ್ಲಿ ಕುಸಿದು ಕೂತ. ತಿಪ್ಪೇರುದ್ರಮ್ಮನಿಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು.

"ಅಂದಮ್ಯಾಲ ನಮ್ಮ ಹುಡುಗಿ ಏನೂ ತುರುಕಿಲ್ಲ. ಮೈಕಿನಾಗ ಸಾರಿದ ಹೊತ್ತನ್ನ ಶನಿವಾರ ಮನ್ಯಾಗ ಹಾಕಿ ನೋಡ್ಯಾಳ, ಅಷ್ಟ. ಅದನ್ನ ಕೊಟ್ಟೂರಿನ ಯಾವ ಮನ್ಯಾಗ ಕುಂತ್ರೂ ಮಾಡಬಹುದಿತ್ತು."

"ಒಪ್ಪಿದೆ," ಎಂದರು ಹುಲುಗೇಶ್. ಆದರೆ ಆ ಮನುಷ್ಯನ ಮುಖ ಸಡಿಲಾಗಲಿಲ್ಲ. "ಗೊತ್ತಾಗಿ ಮಾಡೋದೇನು ಮೇಡಂ? ಸದಸ್ಯರ ನಂಬರು ಹಳೇವು. ಆ ಗ್ವಾಡಿ ಮ್ಯಾಲ ಬಣ್ಣದಾಗ ಬರದದ್ದು, ವರ್ಷ ಆತು. ಅದನ್ನ ತಿದ್ದಾಕ ಬರಂಗಿಲ್ಲ. ನಾಳೆ ಯಾರಿಗೆ ಸೈಟು ಬರತೈತಿ ಅಂತ ಇವತ್ತ ಗೊತ್ತಾದ್ರ ಮೋಸ ಹೆಂಗಾತು?"

ಒಳ್ಳೆಯ ಪ್ರಶ್ನೆ. ಇದಕ್ಕೂ ತಿಪ್ಪೇರುದ್ರಮ್ಮ ತಯಾರಾಗಿಯೇ ಬಂದಿದ್ದಳು.

"ಮೈಕಿನ ಆಟೋ ಎಷ್ಟು ಸಲ ಬಂತು ನಿಮ್ಮ ಓಣಿಗೆ?" ಎಂದು ಮುಂದಿನ ಸಾಲಿನಲ್ಲಿ ಕೂತಿದ್ದ ಬೊಮ್ಮಮ್ಮನನ್ನು ಕೇಳಿದಳು. ಬೊಮ್ಮಮ್ಮ ನರ್ಸ್ ಕೆಲಸದಿಂದ ನಿವೃತ್ತಳಾದ ಹೆಂಗಸು, ಸಂಘದ ಹಳೆಯ ಸದಸ್ಯೆ. ಬಾಡಿಗೆ ಮನೆಯಲ್ಲೇ ಅರ್ಧ ಆಯುಷ್ಯ ಕಳೆದವಳು.

"ಎರಡು ಸಲ ಬಂತ್ರೆವ್ವ. ಮೊದಲು ಹತ್ತು ಇಪ್ಪತ್ತಕ್ಕ ಅಂದ. ಮತ್ತ ಶುಕ್ರವಾರ ಬಂದು, ಮುಹೂರ್ತ ಬದಲಾಗೈತಿ, ಹತ್ತು ಮೂವತ್ತೊಂದಕ್ಕ ಅಂದ. ಅದೇನು ಮೂವತ್ತೊಂದೋ ಅಂತ ನಾನೂ ನಕ್ಕಿದ್ದೆ."

"ಅರುಣಕುಮಾರವ್ರ, ಹತ್ತು ಇಪ್ಪತ್ತು ಹಾಕ್ರಿ."

ಅವನು ಹಾಕಿದ. ಎಲ್ಲರೂ ಪರದೆಯ ಸುತ್ತ ಮುಗಿಬಿದ್ದರು. ಮೊದಲು ಬಂದ ಅಂಕಿ ಹದಿನೆಂಟು. ಯಾರ ನಂಬರು ಮೊದಲು ಬರುತ್ತದೋ ಅವರಿಗೆ ಮೂಲೆ ಸೈಟು. ಹುಲುಗೇಶ್ ಗೋಡೆಯ ಕಡೆ ತಿರುಗಿ ಹದಿನೆಂಟನೆಯ ಹೆಸರು ಓದಿದರು, "ಬೊಮ್ಮಮ್ಮ."

ಬೊಮ್ಮಮ್ಮನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆದಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ನಂದು! ಮೂಲಿ ಸೈಟು ನಂದು! ಯಾವ ಹಾಟ್ಯಾನ್ರೀ ನನ್ನ ಬಾಯಿಗೆ ಮಣ್ಣು ಹಾಕಿದವನು? ಮುಂದ ಬರ್ರಿ, ಮಾರಿ ನೋಡ್ತೀನಿ!"

ಆಕೆಯನ್ನು ಹಿಡಿದು ಕೂರಿಸಲು ಇಬ್ಬರು ಬೇಕಾದರು. ಆ ಗದ್ದಲದಲ್ಲೂ ತಿಪ್ಪೇರುದ್ರಮ್ಮ ಒಂದನ್ನು ಕಂಡಳು. ಸಭಾಂಗಣದ ಮಂದಿಯೆಲ್ಲ ಪರದೆ ನೋಡಲು ಕತ್ತು ಚಾಚಿದ್ದಾಗ ಅರ್ಚನಾ ಮಾತ್ರ ನೋಡಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು. ಹೆದರಿದೆ ಕೂಸು ಎಂದುಕೊಂಡು ತಿಪ್ಪೇರುದ್ರಮ್ಮ ಮುಂದಕ್ಕೆ ಹೋದಳು.

"ಸಾಹೇಬ್ರ, ಈಗ ತಿಳೀತಲ್ರಿ? ಸದಸ್ಯರ ನಂಬರು ತಿದ್ದೋದು ಬ್ಯಾಡ, ಯಂತ್ರ ಮುಟ್ಟೋದು ಬ್ಯಾಡ. ಒಂದೊಂದ ನಿಮಿಷ ಹಾಕಿ ನೋಡಕೋಂತ ಹೋಗೋದು, ತನಗ ಬೇಕಾದವನ ಹೆಸರು ಮೊದಲು ಬರೋ ನಿಮಿಷ ಸಿಕ್ಕಕೂಡಲೆ ಅದನ್ನ ಮುಹೂರ್ತ ಅಂತ ಮಾಡಿಸೋದು. ಆಮ್ಯಾಲ ಇಡೀ ಊರ ಕೈಮುಗಿದು ನಿಂತು ಅದ ನಿಮಿಷಕ್ಕ ಗುಂಡಿ ಒತ್ತತೈತಿ. ಮುಹೂರ್ತ ಸರಿಸಿದವರು ಯಾರೋ, ಕಳ್ಳರು ಅವರ. ಬರಕೋರಿ."

ರೈಟರ್ ಪೇದೆ ಬರೆದುಕೊಂಡ. ಇಡೀ ಸಭೆಯ ಕಣ್ಣು ಗವಿಸಿದ್ದೇಶ್ ಮೇಲೆ ಬಿತ್ತು.

"ಏ, ನನ್ನ ಕಡೆ ಯಾಕ ನೋಡ್ತೀರಿ?" ಗವಿಸಿದ್ದೇಶ್ ಎರಡೂ ಕೈ ಎತ್ತಿದರು. "ಮುಹೂರ್ತ ಇಟ್ಟವರು ಪಂಚಾಂಗ ನೋಡೋ ಅಜ್ಜಯ್ಯನೋರು, ಇಟ್ಟಿಗಿ ಊರಿನವರು. ಬದಲು ಮಾಡಿದವರೂ ಅವರ. ಶುಕ್ರವಾರ ಮುಂಜಾನಿ ಫೋನು ಮಾಡಿ, ಹಿಂಗ ಹತ್ತು ಮೂವತ್ತೊಂದಕ್ಕ ಮಾಡ್ರಿ, ಮೊದಲಿಂದು ಬ್ಯಾಡ ಅಂದ್ರು. ನಾನು ಮೈಕಿನವನಿಗೆ ಹೇಳಿದೆ. ದೇವರಾಣೆ, ಇಷ್ಟ ನಾನು ಮಾಡಿದ್ದು."

"ಅಜ್ಜಯ್ಯನೋರಿಗೆ ಯಾರು ಹೇಳಿದ್ರು?"

"ಅವರನ್ನ ಕೇಳ್ರಿ!"

"ಕೇಳೋಣ," ಎಂದಳು ತಿಪ್ಪೇರುದ್ರಮ್ಮ. "ಸಾಹೇಬ್ರ, ಇಟ್ಟಿಗಿಗೆ ಜೀಪು ಕಳಸ್ರಿ. ಅವರು ಬಾಯಿ ಬಿಟ್ಟ ಮ್ಯಾಲ ಆ ಜೀಪಿನಾಗ ಯಾರು ಹತ್ತತಾರೋ ಹತ್ತಲಿ."

ಹುಲುಗೇಶ್‌ಗೆ ಅಷ್ಟು ದೂರ ಜೀಪು ಓಡಿಸುವ ಮನಸ್ಸಿರಲಿಲ್ಲ. ಆದರೆ ಬೊಮ್ಮಮ್ಮ ಬಾಗಿಲಿಗೆ ಅಡ್ಡ ಕೂತುಬಿಟ್ಟಿದ್ದಳು. ಜೀಪು ಹೋಯಿತು.

ಅದು ಬರುವ ತನಕ ಯಾರೋ ಮಂಡಕ್ಕಿ ಮಿರ್ಚಿ ತರಿಸಿದರು. ಜನ ಗುಂಪು ಗುಂಪಾಗಿ ಕೂತು ತಿಂದರು. ಗವಿಸಿದ್ದೇಶ್ ಮುಟ್ಟಲಿಲ್ಲ. ಅರುಣಕುಮಾರ್ ಫೋನು ಹಿಡಿದು ಎರಡು ಸಲ ಹೊರಗೆ ಹೋಗಲು ನೋಡಿದ, ಎರಡು ಸಲವೂ ಬೊಮ್ಮಮ್ಮ ಕಾಲು ತೆಗೆಯಲಿಲ್ಲ. ಇವರಿಬ್ಬರೊಳಗೆ ಒಬ್ಬನಿಗೆ ಲೆಕ್ಕ ಗೊತ್ತು, ಇನ್ನೊಬ್ಬನಿಗೆ ಲಾಭ ಉಂಟು. ಇಬ್ಬರೂ ಕೂಡಿರಬೇಕು ಎಂದು ತಿಪ್ಪೇರುದ್ರಮ್ಮನ ಮನಸ್ಸು ಹೇಳುತ್ತಿತ್ತು. ಹಾಗಿದ್ದರೆ ಇಬ್ಬರೂ ಒಬ್ಬರ ಮುಖ ಒಬ್ಬರು ಒಮ್ಮೆಯಾದರೂ ನೋಡಬೇಕಿತ್ತು. ನೋಡಿರಲಿಲ್ಲ. ಅದೊಂದು ಆಕೆಗೆ ಸರಿಬರಲಿಲ್ಲ.

"ಒಂದು ಮಿರ್ಚಿ ತಿನ್ನು ಕೂಸ. ಮುಂಜಾನಿಂದ ಹೊಟ್ಟಿಗೆ ಏನೂ ಹಾಕಿಲ್ಲ ನೀನು."

"ಬ್ಯಾಡ ಚಿಗವ್ವ." ಮತ್ತೆ ಗೋಡೆಗೊರಗಿ ನಿಂತಿದ್ದ ಅರ್ಚನಾ ತಗ್ಗಿಸಿದ ತಲೆ ಎತ್ತಲಿಲ್ಲ. "ಅಜ್ಜಾರನ್ನ ಕರೆಸೋದು ಬ್ಯಾಡಾಗಿತ್ತು," ಎಂದಳು.

"ಯಾಕ?"

"ವಯಸ್ಸಾಗೈತಲ್ಲ ಅವರಿಗೆ."

"ಅವರ ವಯಸ್ಸು ನೋಡ್ಕೊಂತ ಕುಂತ್ರ ನಿನ್ನ ವಯಸ್ಸು ಜೈಲಿನಾಗ ಕಳೀತೈತಿ. ಸುಮ್ಕಿರು."

ಗದರಿಸಿದಳೇನೋ ಸರಿ, ಆದರೆ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಬದಿಗಿಟ್ಟಳು. ಅಜ್ಜಯ್ಯನವರಿಗೆ ವಯಸ್ಸಾಗಿದೆಯೆಂದು ಈ ಹುಡುಗಿಗೆ ಹೇಗೆ ಗೊತ್ತು? ಹಿರಿಯರೆಂದ ಮೇಲೆ ವಯಸ್ಸಾಗಿಯೇ ಇರುತ್ತದೆ ಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ಹೊರಗೆ ಜೀಪಿನ ಸದ್ದಾಯಿತು.

ಅಜ್ಜಯ್ಯ ಕೋಲೂರಿಕೊಂಡು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ವಸ್ತ್ರ, ಹಣೆಯ ತುಂಬ ವಿಭೂತಿ. ಕೂತಿದ್ದವರೆಲ್ಲ ಎದ್ದರು. ಬೊಮ್ಮಮ್ಮ ಕೂಡ ಕಾಲು ಮಡಚಿ ದಾರಿ ಬಿಟ್ಟಳು.

"ಕುಂದರ್ರಿ ಅಜ್ಜಾರ. ನೀರು ಕುಡೀರಿ," ತಿಪ್ಪೇರುದ್ರಮ್ಮ ತಾನೇ ಲೋಟ ಕೊಟ್ಟಳು. "ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಸೈಟಿನ ಮುಹೂರ್ತ ನೀವ ಇಟ್ಟಿದ್ರಿ. ಮತ್ತ್ಯಾಕ ಬದಲು ಮಾಡಿದ್ರಿ?"

"ಬದಲು ಅಂದ್ರ ಏನವ್ವ? ಎರಡೂ ಅದ ಲಗ್ನದಾಗ ಬರ್ತಾವ. ಇಪ್ಪತ್ತಾದ್ರೇನು, ಮೂವತ್ತೊಂದಾದ್ರೇನು, ದೋಷ ಇಲ್ಲ. ಕೇಳಿದ್ರು, ಆಗಲಿ ಅಂದೆ."

"ಯಾರು ಕೇಳಿದ್ರು?"

ಅಜ್ಜಯ್ಯ ಲೋಟ ಕೆಳಗಿಟ್ಟರು. "ಹೆಸರು ಹೇಳಬೇಕೇನವ್ವ?"

"ಹೇಳಬೇಕ್ರಿ. ಒಂದು ಹೆಣ್ಣುಮಗಳ ಬಾಳು ಐತಿ ಇದರಾಗ."

"ಅಜ್ಜಾರ, ಖರೇ ಹೇಳ್ರಿ," ಗವಿಸಿದ್ದೇಶ್ ಕೈಮುಗಿದರು. "ನಾನೇನರ ಕೇಳಿದ್ನೇನ್ರಿ?"

"ನೀನಲ್ಲಪ್ಪ."

"ಇವರೇನ್ರಿ?" ತಿಪ್ಪೇರುದ್ರಮ್ಮ ಅರುಣಕುಮಾರನ ಕಡೆ ಬೆರಳು ಮಾಡಿದಳು.

ಅಜ್ಜಯ್ಯ ಕಣ್ಣು ಕಿರಿದಾಗಿಸಿ ನೋಡಿದರು. "ಈ ತಮ್ಮನ್ನ ನಾನು ಇವತ್ತ ನೋಡಾಕತ್ತಿದ್ದು. ಗಂಡಸರಲ್ಲವ್ವ ಬಂದಿದ್ದು. ಹೆಣ್ಣುಮಗಳು. ಗುರುವಾರ ಸಂಜಿಮುಂದ ಸ್ಕೂಟಿ ಮ್ಯಾಲ ಬಂದ್ಲು. ಕಾಲಿಗೆ ಬಿದ್ಲು. ಹತ್ತು ಮೂವತ್ತೊಂದಕ್ಕ ಮಾಡಿಕೊಡ್ರಿ ಅಜ್ಜಾರ, ಅದ ನಿಮಿಷ ಆಗಬೇಕು ಅಂತ ಅತ್ಲು. ಅಳೋ ಮಗಳಿಗೆ ಇಲ್ಲ ಅನ್ನಾಕ ನನಗ ಮನಸ್ಸು ಬರಲಿಲ್ಲ."

ಕೋಲನ್ನು ನಿಧಾನವಾಗಿ ಎತ್ತಿ ಗೋಡೆಯ ಕಡೆ ತೋರಿಸಿದರು.

"ಈ ತಂಗಿ."

ತಿಪ್ಪೇರುದ್ರಮ್ಮ ಹಿಂದೆ ತಿರುಗಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಗೋಡೆಯ ಹತ್ತಿರ ನಿಂತದ್ದು ಒಬ್ಬಳೇ. ಆದರೂ ತಿರುಗಿದಳು. ಸುಳ್ಳು ಅನ್ನು ಕೂಸೇ, ಒಂದು ಸಲ ಸುಳ್ಳು ಅನ್ನು, ಉಳಿದದ್ದು ನಾನು ನೋಡಿಕೊಳ್ತೀನಿ ಎಂದು ಆಕೆಯ ಜೀವ ಒಳಗೇ ಬಾಯಿ ಬಡಿದುಕೊಳ್ಳುತ್ತಿತ್ತು.

"ಖರೇ ಐತಿ ಸಾರ್," ಎಂದಳು ಅರ್ಚನಾ. "ನಾನ ಹೋಗಿದ್ದೆ."

ಗವಿಸಿದ್ದೇಶ್ ಉಸಿರು ಬಿಟ್ಟದ್ದು ಸಭೆಗೆಲ್ಲ ಕೇಳಿಸಿತು. ಅರುಣಕುಮಾರ್ ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡ. ಬೊಮ್ಮಮ್ಮ ಮಾತ್ರ ಬಾಯಿ ತೆರೆದು ಒಮ್ಮೆ ಹುಡುಗಿಯನ್ನು, ಒಮ್ಮೆ ವಕೀಲೆಯನ್ನು ನೋಡುತ್ತ ನಿಂತಳು.

ಹುಲುಗೇಶ್ ಟೋಪಿ ಹಾಕಿಕೊಂಡರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಇದ್ದಿದ್ದರೆ ತಿಪ್ಪೇರುದ್ರಮ್ಮನಿಗೆ ಸಿಟ್ಟಾದರೂ ಬರುತ್ತಿತ್ತು.

"ಮೇಡಂ, ಮುಹೂರ್ತ ಸರಿಸಿದವರ ಕಳ್ಳರು ಅಂತ ಆಗಲೇ ನೀವ ಬರಸಿದ್ರಿ. ಅದನ್ನ ಹಂಗ ಇಟ್ಕೊಳ್ಳಲೇನ್ರಿ?"

ಎಂಥೆಂಥ ಜಡ್ಜುಗಳ ಮುಂದೆ ನಿಂತು ವಾದ ಮಾಡಿದ ಹೆಂಗಸು ಆ ಪ್ರಶ್ನೆ ಕೇಳದವಳಂತೆ ಗೋಡೆಯ ಕಡೆ ಹೋದಳು. ಅರ್ಚನಾಳ ರಟ್ಟೆ ಹಿಡಿದು ಅಲ್ಲಾಡಿಸಿದಳು.

"ಯಾಕ ಮಾಡಿದ್ಯವ್ವಾ? ಆ ಷಡ್ಡಕ ನಿನಗ ಯಾವ ಸಂಬಂಧ? ಯಾರು ಕಳಿಸಿದ್ರು ನಿನ್ನ? ಯಾರು ಹೆದರಿಸಿದ್ರು? ಹೇಳು, ನಾನಿದೀನಿ."

ಅರ್ಚನಾ ಮೊದಲ ಸಲ ಚಿಗವ್ವನ ಮುಖವನ್ನು ನೇರವಾಗಿ ನೋಡಿದಳು. ಕಣ್ಣು ತುಂಬಿ ಬಂದವು. ರಟ್ಟೆಯ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಬಿಡಿಸಿ, ಹುಲುಗೇಶ್ ಕಡೆ ತಿರುಗಿದಳು.

"ಯಾರು ಕಳಿಸಿದ್ರು ಅಂತ ಹೇಳ್ತೀನಿ ಸಾರ್. ಮೊದಲ ನಮ್ಮ ಚಿಗವ್ವನ್ನ ಹೊರಗ ಕಳಸ್ರಿ. ಆ ಹೆಸರು ಆಕಿ ತಡಕೊಳ್ಳಂಗಿಲ್ಲ."